ಹಳೆಯ ಯುವಿ ಫ್ಲಾಟ್‌ಬೆಡ್ ಯಂತ್ರಗಳು: ಮಂಗಳೂರು–ಉಡುಪಿ ಭಾಗದಲ್ಲಿ ರಿಪೇರಿಗೆ ಯಾರನ್ನು ಕೇಳಬೇಕು?

ಬೈಕಂಪಾಡಿ ಮುದ್ರಣ

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮುದ್ರಣ ಘಟಕವಿದೆ. ಅಂಗಡಿಗಳ ನಾಮಫಲಕ, ದೇವಸ್ಥಾನಗಳ ಸೇವಾ ದರಪಟ್ಟಿ, ಸನ್ಮಾನದ ಸ್ಮರಣಿಕೆ ಮುಂತಾದವುಗಳನ್ನು ಅಕ್ರಿಲಿಕ್, ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ ಹಲಗೆ), ಸನ್‌ಬೋರ್ಡ್‌ಗಳ ಮೇಲೆ ನೇರವಾಗಿ ಮುದ್ರಿಸಿ ಕೊಡುತ್ತೇವೆ. ಇದಕ್ಕಾಗಿ ಬೆಂಗಳೂರಿನ ಮುದ್ರಣಾಲಯವೊಂದು ಕೆಲವು ವರ್ಷ ಬಳಸಿದ ಯುವಿ ಫ್ಲಾಟ್‌ಬೆಡ್ ಯಂತ್ರವನ್ನು (ಮೇಜಿನ ಮೇಲಿಟ್ಟ ಹಲಗೆಗೆ ಮುದ್ರಿಸಿ, ಶಾಯಿಯನ್ನು ಅತಿನೇರಳೆ ಬೆಳಕಿನಿಂದ ಕೂಡಲೇ ಒಣಗಿಸುವ ಪ್ರಿಂಟರ್) ಕೊಂಡು ತಂದಿದ್ದೇವೆ. ಚೀನಾದಲ್ಲಿ ತಯಾರಾದ ಯಂತ್ರ. ಮೇಜಿನ ಅಳತೆ 2.5 ಮೀಟರ್ × 1.3 ಮೀಟರ್, ಶಾಯಿ ಚಿಮ್ಮಿಸುವ ರಿಕೋ ಜೆನ್ 5 ಹೆಡ್‌ಗಳು ಮೂರು, ಎರಡು ಬಣ್ಣಕ್ಕೆ, ಒಂದು ಬಿಳಿ ಶಾಯಿಗೆ.

ಈಗ ಮೂರು ತೊಂದರೆಗಳು ಒಟ್ಟಿಗೆ ಕಾಣಿಸಿಕೊಂಡಿವೆ. ಹೆಡ್‌ನ ನಾಝಲ್‌ಗಳ (ಶಾಯಿ ಹೊರಬರುವ ಸೂಕ್ಷ್ಮ ರಂಧ್ರಗಳ) ಪರೀಕ್ಷೆಯ ಮುದ್ರಣದಲ್ಲಿ ಮಜೆಂಟಾದ ಒಂದು ಸಾಲು ಪೂರ್ತಿಯಾಗಿ ಇಲ್ಲ. ದೊಡ್ಡ ಫಲಕಕ್ಕೆ ಬಿಳಿ ಹೊಡೆಯುವಾಗ ಅರ್ಧ ದಾರಿಯಲ್ಲಿ ಬಿಳಿ ಮಾಸುತ್ತ ಹೋಗುತ್ತದೆ. ಹೆಡ್‌ಗಳನ್ನು ಹೊತ್ತು ಅತ್ತಿತ್ತ ಓಡುವ ಕ್ಯಾರೇಜ್ ಒಂದು ದಿಕ್ಕಿಗೆ ಹೋಗುವಾಗ ಬಿದ್ದ ಶಾಯಿ ಸರಿಯಾಗಿ ಒಣಗದೆ ಬೆರಳಿಗೆ ಅಂಟುತ್ತದೆ. ಯಂತ್ರವನ್ನು ಮೊದಲು ಆಮದು ಮಾಡಿದ್ದ ವ್ಯಾಪಾರಿಗಳು ಆ ವ್ಯವಹಾರವನ್ನೇ ಬಿಟ್ಟಿದ್ದಾರೆ. ಬೇರೆ ಊರಿನ ಸರ್ವೀಸ್ ಸಂಸ್ಥೆಯೊಂದನ್ನು ಸಂಪರ್ಕಿಸಿದಾಗ, ಇಡೀ ವರ್ಷದ ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ಹಣವನ್ನು ಮುಂಗಡವಾಗಿ ಕೊಟ್ಟ ಮೇಲಷ್ಟೇ ಯಂತ್ರವನ್ನು ನೋಡಲು ಬರುತ್ತೇವೆ ಎಂಬ ಉತ್ತರ ಬಂತು.

ನಮ್ಮ ಕರಾವಳಿಯಲ್ಲಿಯೇ ಈ ಕೆಲಸ ಬಲ್ಲವರು ಇದ್ದಾರೆಯೇ? ಇಲ್ಲದಿದ್ದರೆ ಎಲ್ಲಿಂದ, ಯಾವ ರೀತಿಯಲ್ಲಿ ಕರೆಸುವುದು ಸೂಕ್ತ? ಅನುಭವಿಗಳು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಕಾಪು ಫಲಕ ಕೆಲಸ

ಇಡೀ ಯಂತ್ರವನ್ನು ರಿಪೇರಿ ಮಾಡಬಲ್ಲ ಒಬ್ಬರೇ ವ್ಯಕ್ತಿಯನ್ನು ಹುಡುಕುತ್ತ ಕುಳಿತರೆ ಮಂಗಳೂರಿನಿಂದ ಕುಂದಾಪುರದವರೆಗೆ ಯಾರೂ ಸಿಗಲಾರರು ಎಂಬುದು ನನ್ನ ಅನುಭವ. ಆದರೆ ಯಂತ್ರವನ್ನು ಭಾಗಗಳಾಗಿ ನೋಡಿದರೆ ಅರ್ಧಕ್ಕೂ ಹೆಚ್ಚಿನ ಕೆಲಸ ಇಲ್ಲಿಯೇ ಆಗುತ್ತದೆ. ಲೀನಿಯರ್ ಗೈಡ್, ಬಾಲ್‌ಸ್ಕ್ರೂ, ಬೆಲ್ಟ್, ಸರ್ವೋ ಮೋಟರ್, ಡ್ರೈವ್, ಮೇಜಿನ ವ್ಯಾಕ್ಯೂಮ್ ಬ್ಲೋವರ್ ಇವೆಲ್ಲ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೌಟರ್‌ನಲ್ಲಿಯೂ ಇರುವ ವಸ್ತುಗಳೇ. ನಮ್ಮ ಯಂತ್ರದ ಕ್ಯಾರೇಜ್ ನಡುವೆ ಜರ್ಕ್ ಹೊಡೆಯಲು ತೊಡಗಿದಾಗ ಪೀಠೋಪಕರಣದ ಕಾರ್ಖಾನೆಗಳಿಗೆ ಸಿಎನ್‌ಸಿ ರಿಪೇರಿ ಮಾಡಿಕೊಡುವವರೊಬ್ಬರು ಬಂದು ಗೈಡ್‌ನ ಬೇರಿಂಗ್ ಬ್ಲಾಕ್ ಬದಲಾಯಿಸಿ ಕೊಟ್ಟರು. ಅವರು ಅದುವರೆಗೆ ಪ್ರಿಂಟರ್ ಮುಟ್ಟಿದವರಲ್ಲ. ಹೆಡ್, ಶಾಯಿ ಮತ್ತು ಬೋರ್ಡಿನ ತಂಟೆಗೆ ಮಾತ್ರ ಅವರು ಹೋಗಲಿಲ್ಲ, ಹೋಗಬಾರದೆಂದು ನಾನೂ ಕೇಳಿಕೊಂಡಿದ್ದೆ.

ಹೆಡ್ ತಂತ್ರಜ್ಞ, ಬೆಂಗಳೂರು

ಕಾಪುವಿನವರು ಹೇಳಿದ ವಿಂಗಡಣೆ ಸರಿಯಾಗಿದೆ. ಅದರ ಮುಂದಿನ ಮಾತನ್ನು ನಾನು ಸೇರಿಸುತ್ತೇನೆ.

ಸರ್ವೀಸ್ ಕೇಳುವಾಗ ಬಹಳಷ್ಟು ಮಾಲೀಕರು ಯಂತ್ರದ ಪಕ್ಕದಲ್ಲಿ ಬರೆದಿರುವ ಹೆಸರನ್ನು ಹೇಳುತ್ತಾರೆ. ಚೀನಾದ ಯಂತ್ರಗಳ ಮಟ್ಟಿಗೆ ಆ ಹೆಸರಿನಿಂದ ತಂತ್ರಜ್ಞರಿಗೆ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಒಂದೇ ಬಗೆಯ ಯಂತ್ರ ಹಲವು ಹೆಸರುಗಳಲ್ಲಿ ಮಾರಾಟವಾಗಿರುತ್ತದೆ. ಹೆಡ್ ಯಾವುದು, ಕಂಟ್ರೋಲ್ ಬೋರ್ಡ್ ಯಾರದು, ದೀಪ ಮರ್ಕ್ಯುರಿಯೋ ಎಲ್‌ಇಡಿಯೋ, ಯಾವ ಶಾಯಿ ಹಾಕುತ್ತಿದ್ದೀರಿ ಎಂಬುದನ್ನು ಹೇಳಬೇಕು. ಬೋರ್ಡಿನ ಮೇಲೆಯೇ ಬಿವೈಎಚ್‌ಎಕ್ಸ್, ಹೋಸನ್ ಮುಂತಾದ ಹೆಸರು ಅಚ್ಚಾಗಿರುತ್ತದೆ. ಒಂದು ಬಗೆಯ ಬೋರ್ಡನ್ನು ಬಲ್ಲವರು ಆ ಬೋರ್ಡ್ ಇರುವ ಯಾವ ಹೆಸರಿನ ಯಂತ್ರವನ್ನಾದರೂ ಬಹುಮಟ್ಟಿಗೆ ನಿಭಾಯಿಸಬಲ್ಲರು. ಆದ್ದರಿಂದ ನೀವು ಹುಡುಕಬೇಕಾದದ್ದು ಆ ಬೋರ್ಡಿನಲ್ಲಿ ಜೆನ್ 5 ಹೆಡ್ ಕೂರಿಸಿ, ಹೊಂದಿಸಿ ಗೊತ್ತಿರುವವರನ್ನು.

ಕ್ಯಾನನ್ ಅರಿಝೋನಾ, ಮಿಮಾಕಿ, ಡರ್ಸ್ಟ್‌ನಂಥ ಯಂತ್ರಗಳ ದಾರಿ ಬೇರೆ. ಅವುಗಳ ಬಿಡಿಭಾಗ ಮತ್ತು ಸರ್ವೀಸ್ ಸಾಫ್ಟ್‌ವೇರ್ ಬಹುಮಟ್ಟಿಗೆ ತಯಾರಕರ ಕೈಯಲ್ಲಿರುತ್ತವೆ, ಹಳೆಯ ಮಾದರಿಗಳಿಗೆ ಬೆಂಬಲ ನಿಲ್ಲುವುದೂ ಉಂಟು. ಇಂಥ ಯಂತ್ರಗಳ ವಂಶವೃಕ್ಷ ತಿಳಿದಿದ್ದರೆ ಅನುಕೂಲ. ಉದಾಹರಣೆಗೆ, ಫ್ಯೂಜಿಫಿಲ್ಮ್ ಹೆಸರಿನಲ್ಲಿ ಬಂದ ಹಳೆಯ ಅಕ್ಯುಟಿ ಫ್ಲಾಟ್‌ಬೆಡ್‌ಗಳನ್ನು ತಯಾರಿಸಿಕೊಟ್ಟದ್ದು ಓಸೆ ಸಂಸ್ಥೆ. ಆ ಓಸೆ 2010ರಲ್ಲಿ ಕ್ಯಾನನ್‌ನ ವಶಕ್ಕೆ ಬಂತು. ಹೀಗಾಗಿ ಅರಿಝೋನಾ ಬಲ್ಲವರಿಗೆ ಆ ಅಕ್ಯುಟಿಯೂ ಅಪರಿಚಿತವಾಗಿರುವುದಿಲ್ಲ.

ಇನ್ನು ನಿಮ್ಮ ತೊಂದರೆಗಳ ಬಗ್ಗೆ. ಜೆನ್ 5 ಹೆಡ್‌ನಲ್ಲಿ 320 ನಾಝಲ್‌ಗಳ ನಾಲ್ಕು ಸಾಲುಗಳು, ಒಟ್ಟು 1,280 ನಾಝಲ್‌ಗಳು ಇರುತ್ತವೆ. ಎರಡು ಬಣ್ಣ ಹಂಚಿದಾಗ ಒಂದೊಂದು ಬಣ್ಣಕ್ಕೆ ಎರಡೆರಡು ಸಾಲು ಬರುತ್ತದೆ. ಶಾಯಿ ಕಟ್ಟಿಕೊಂಡರೆ ನಾಝಲ್‌ಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಹೋಗುತ್ತವೆ. ಒಂದು ಸಾಲು ಮೊದಲಿನಿಂದ ಕೊನೆಯವರೆಗೆ ಒಮ್ಮೆಗೇ ಇಲ್ಲವಾಗಿದ್ದರೆ ಮೊದಲು ಸಂಶಯ ಪಡಬೇಕಾದದ್ದು ವಿದ್ಯುತ್ ಭಾಗವನ್ನು, ಎಂದರೆ ಕೇಬಲ್, ಹೆಡ್ ಬೋರ್ಡ್ ಅಥವಾ ಹೆಡ್ಡಿನ ಒಳಗಿನ ಸರ್ಕ್ಯೂಟ್. ಇಂಥ ಹೆಡ್ಡಿಗೆ ಸಿರಿಂಜ್‌ನಿಂದ ಕ್ಲೀನಿಂಗ್ ದ್ರಾವಣವನ್ನು ಒತ್ತಿ ತಳ್ಳುವುದರಿಂದ ಏನೂ ಸರಿಹೋಗುವುದಿಲ್ಲ, ಚೆನ್ನಾಗಿರುವ ಮೂರು ಸಾಲುಗಳಿಗೂ ಪೆಟ್ಟು ಬೀಳಬಹುದು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಒಂದು ದಿಕ್ಕಿನಲ್ಲಿ ಮಾತ್ರ ಶಾಯಿ ಅಂಟುತ್ತಿದೆ ಎಂದರೆ ಕ್ಯಾರೇಜ್‌ನ ಎರಡು ಬದಿಯ ದೀಪಗಳಲ್ಲಿ ಒಂದು ದುರ್ಬಲವಾಗಿದೆ. ಎಲ್‌ಇಡಿ ದೀಪವಾದರೆ ಅದರ ಕೆಳಗಿನ ಗಾಜನ್ನು ಮೊದಲು ನೋಡಿ. ಹಾರಾಡುವ ಶಾಯಿಯ ಮಂಜು ಗಾಜಿನ ಮೇಲೆ ಬಿದ್ದು ಅಲ್ಲಿಯೇ ಗಟ್ಟಿಯಾಗಿ ಪದರ ಕಟ್ಟುತ್ತದೆ, ಬೆಳಕು ಕೆಳಗೆ ಇಳಿಯುವುದಿಲ್ಲ. ಹಾಗೆಯೇ ದೀಪಗಳನ್ನು ತಂಪಾಗಿಡುವ ಚಿಲ್ಲರ್‌ನ ನೀರು ಎರಡೂ ದೀಪಗಳಿಗೆ ಸಮನಾಗಿ ಹರಿಯುತ್ತಿದೆಯೇ ಎಂದು ನೋಡಬೇಕು.

ಬೈಕಂಪಾಡಿ ಮುದ್ರಣ

ವಿವರಕ್ಕೆ ಕೃತಜ್ಞತೆಗಳು. ನಮ್ಮ ಕಂಟ್ರೋಲ್ ಬೋರ್ಡ್ ಬಿವೈಎಚ್‌ಎಕ್ಸ್‌ನದು. ದೀಪಗಳು 395 ನ್ಯಾನೋಮೀಟರ್‌ನ ಎಲ್‌ಇಡಿ. ಹಿಂದಿನ ಮಾಲೀಕರು ಬಳಸುತ್ತಿದ್ದ ಶಾಯಿಯನ್ನೇ ಮುಂದುವರಿಸಿದ್ದೇವೆ. ಮಜೆಂಟಾ ಮತ್ತು ಸಯಾನ್ ಒಂದೇ ಹೆಡ್‌ನಲ್ಲಿವೆ, ಹಳದಿ ಮತ್ತು ಕಪ್ಪು ಇನ್ನೊಂದರಲ್ಲಿ. ಸಾಲು ಹೋದದ್ದು ಸಂಜೆ ಮಳೆ–ಸಿಡಿಲಿನ ಹೊತ್ತಿನಲ್ಲಿ ಕರೆಂಟ್ ಹೋಗಿ ಬಂದ ಮೇಲೆ. ಯುಪಿಎಸ್ ಕಂಪ್ಯೂಟರಿಗೂ, ಹೆಡ್‌ನಿಂದ ಶಾಯಿ ಸೋರದಂತೆ ಹಿಂದಕ್ಕೆ ಎಳೆದು ಹಿಡಿಯುವ ನೆಗೆಟಿವ್ ಪ್ರೆಶರ್ ಘಟಕಕ್ಕೂ ಇದೆ, ಇಡೀ ಯಂತ್ರಕ್ಕೆ ಇಲ್ಲ.

ಮಣಿಪಾಲ ಸ್ಮರಣಿಕೆ

ನನ್ನದು ಅಳತೆಯಲ್ಲಿ ಚಿಕ್ಕ ಯಂತ್ರ, ಆದರೆ ಬಿಳಿ ಶಾಯಿಯ ಕೆಲಸವೇ ಹೆಚ್ಚು. ಬಿಳಿಗೆ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್‌ನ ಸಾಂದ್ರತೆ ನೀರಿನ ನಾಲ್ಕು ಪಟ್ಟಿಗಿಂತ ಹೆಚ್ಚು. ಕಲಕದೆ ಬಿಟ್ಟರೆ ಅದು ತಳ ಸೇರಿಯೇ ತೀರುತ್ತದೆ. ಆದ್ದರಿಂದ ತಂತ್ರಜ್ಞರನ್ನು ಕರೆಯುವ ಮೊದಲು ಮೂರು ಸಂಗತಿಗಳನ್ನು ನೀವೇ ನೋಡಬಹುದು. ಬಿಳಿ ಟ್ಯಾಂಕಿನ ಕಲಕುವ ಮೋಟರ್ ತಿರುಗುತ್ತಿದೆಯೇ, ಶಾಯಿಯ ಫಿಲ್ಟರ್ ಯಾವಾಗ ಬದಲಾದದ್ದು, ಹೆಡ್ಡಿಗೆ ಶಾಯಿ ಕೊಡುವ ಸಣ್ಣ ಸಬ್ ಟ್ಯಾಂಕಿನಲ್ಲಿ ಮಟ್ಟ ತೋರಿಸುವ ಫ್ಲೋಟ್ ಸಿಕ್ಕಿಕೊಂಡಿದೆಯೇ. ಆರಂಭದಲ್ಲಿ ಬಿಳಿ ಚೆನ್ನಾಗಿ ಬಂದು ಉದ್ದದ ಮುದ್ರಣದಲ್ಲಿ ಮಾಸುವುದು ಹೆಡ್ ಕೆಟ್ಟ ಲಕ್ಷಣವಲ್ಲ. ಖರ್ಚಾದಷ್ಟು ಶಾಯಿ ಹಿಂದಿನಿಂದ ಬಂದು ಸೇರುತ್ತಿಲ್ಲ ಎಂಬುದರ ಲಕ್ಷಣ. ನೆಗೆಟಿವ್ ಪ್ರೆಶರ್ ಅಗತ್ಯಕ್ಕಿಂತ ಹೆಚ್ಚಿದ್ದರೂ ಹೀಗೆ ಆಗುವುದುಂಟು, ಆದರೆ ಆ ಗುಂಡಿಯನ್ನು ಅಂದಾಜಿನಲ್ಲಿ ತಿರುಗಿಸಬಾರದು. ಅಲ್ಲಿ ಕೆಲಸ ಮಾಡುವ ಒತ್ತಡ ಬಹಳ ಸಣ್ಣದು. ಸ್ವಲ್ಪ ಕಡಿಮೆಯಾದರೆ ಹೆಡ್‌ನಿಂದ ಶಾಯಿ ತೊಟ್ಟಿಕ್ಕಲು ತೊಡಗುತ್ತದೆ, ಹೆಚ್ಚಾದರೆ ನಾಝಲ್ ಗಾಳಿಯನ್ನು ಎಳೆದುಕೊಳ್ಳುತ್ತದೆ.

ಸರ್ವೀಸ್‌ನ ವಿಷಯದಲ್ಲಿ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ದೂರದಿಂದಲೇ ಕಂಪ್ಯೂಟರಿನ ಪರದೆ ಮತ್ತು ಮೊಬೈಲಿನ ಕ್ಯಾಮೆರಾದ ಮೂಲಕ ಪರೀಕ್ಷೆ, ಅದಕ್ಕೆ ಪ್ರತ್ಯೇಕ ಶುಲ್ಕ. ಅದರಲ್ಲಿ ದೋಷದ ಜಾಗ ಗೊತ್ತಾದ ಮೇಲೆ, ಯಾವ ಬಿಡಿಭಾಗ ಹಿಡಿದುಕೊಂಡು ಬರಬೇಕು ಎಂಬುದು ನಿಶ್ಚಯವಾದ ಮೇಲೆ ಭೇಟಿ. ಏನೂ ತಿಳಿಯದೆ ಬಂದ ತಂತ್ರಜ್ಞರು ದೋಷ ಕಂಡುಹಿಡಿದು ಬಿಡಿಭಾಗಕ್ಕಾಗಿ ಮತ್ತೆ ಬೆಂಗಳೂರಿಗೆ ಹೋಗಬೇಕಾದರೆ ಪ್ರಯಾಣದ ಖರ್ಚು ಇಮ್ಮಡಿಯಾಗುತ್ತದೆ. ಸುಮಾರು 350 ಕಿಲೋಮೀಟರ್ ದಾರಿ, ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದೂ ಉಂಟು. ಬೈಕಂಪಾಡಿಯವರಿಗೆ ಎಎಂಸಿ ಮೊದಲು, ಪರೀಕ್ಷೆ ಆಮೇಲೆ ಎಂದು ಹೇಳಿದ ಷರತ್ತನ್ನು ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಂತ್ರದ ಸ್ಥಿತಿ ತಿಳಿಯದೆ ಯಾವುದು ಕರಾರಿನೊಳಗೆ, ಯಾವುದು ಹೊರಗೆ ಎಂದು ಬರೆಯಲು ಅವರಿಗೂ ಸಾಧ್ಯವಿಲ್ಲ. ಹೆಚ್ಚಿನ ಕರಾರುಗಳಲ್ಲಿ ಹೆಡ್ ಸೇರಿರುವುದಿಲ್ಲ ಎಂಬುದನ್ನೂ ಗಮನಿಸಿ.

ಇನ್ನೊಂದು ಸಲಹೆ. ಸುರತ್ಕಲ್‌ನಿಂದ ಕುಂದಾಪುರದವರೆಗೆ ಇಂಥ ಯಂತ್ರ ಇರುವವರು ನಾವು ಕೆಲವರಾದರೂ ಇದ್ದೇವೆ. ಒಂದೇ ಭೇಟಿಯಲ್ಲಿ ನಾಲ್ಕಾರು ಕಡೆ ಕೆಲಸವಿದ್ದರೆ ಪ್ರಯಾಣದ ಖರ್ಚನ್ನು ಹಂಚಿಕೊಳ್ಳಬಹುದು, ತಂತ್ರಜ್ಞರಿಗೂ ಬರಲು ಮನಸ್ಸಾಗುತ್ತದೆ. ಒಪ್ಪುವವರು ತಮ್ಮ ಯಂತ್ರದ ಹೆಡ್ ಮತ್ತು ಬೋರ್ಡಿನ ವಿವರವನ್ನು ಇಲ್ಲಿ ಬರೆಯಿರಿ.

ಯೆಯ್ಯಾಡಿ ಎಲೆಕ್ಟ್ರಿಕಲ್

ನಾನು ಮುದ್ರಕನಲ್ಲ, ಕಾರ್ಖಾನೆಗಳ ಪ್ಯಾನೆಲ್ ಮತ್ತು ಸರ್ವೋ ಡ್ರೈವ್ ಕೆಲಸ ಮಾಡುವವನು. ಸಿಡಿಲಿನ ಹೊತ್ತಿನಲ್ಲಿ ಸಾಲು ಹೋಯಿತು ಎಂಬ ಮಾತನ್ನು ಓದಿದ್ದರಿಂದ ಬರೆಯುತ್ತಿದ್ದೇನೆ.

ಹೊಸ ಬೋರ್ಡ್ ಹಾಕುವ ಮೊದಲು ಅರ್ಥಿಂಗ್ ಪರೀಕ್ಷಿಸಿ. ನಮ್ಮ ಕಡೆ ನೆಲದಡಿ ಮುರಕಲ್ಲು. ಮಳೆಗಾಲದಲ್ಲಿ ಅದು ನೀರು ಕುಡಿದು ಅರ್ಥಿಂಗ್ ಚೆನ್ನಾಗಿಯೇ ಇರುವಂತೆ ತೋರುತ್ತದೆ, ಮಾರ್ಚ್–ಏಪ್ರಿಲ್‌ನಲ್ಲಿ ಒಣಗಿದಾಗ ಅದೇ ಗುಂಡಿಯ ರೆಸಿಸ್ಟೆನ್ಸ್ ಬಹಳ ಏರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಅಳೆದ ಅಳತೆಯೇ ನಂಬತಕ್ಕದ್ದು. ಈಗಲೇ ಮಾಡಬಹುದಾದ ಪರೀಕ್ಷೆಯೆಂದರೆ, ಎಲ್ಲ ಯಂತ್ರಗಳು ಓಡುತ್ತಿರುವಾಗ ನ್ಯೂಟ್ರಲ್ ಮತ್ತು ಅರ್ಥ್‌ಗಳ ನಡುವಿನ ವೋಲ್ಟೇಜ್ ಅಳೆಯುವುದು. ಅದು ಒಂದೆರಡು ವೋಲ್ಟ್‌ಗಿಂತ ಗಣನೀಯವಾಗಿ ಹೆಚ್ಚಿದ್ದರೆ ವೈರಿಂಗನ್ನು ಕೂಲಂಕಷವಾಗಿ ನೋಡಿಸಿ. ಪ್ರಿಂಟರಿಗೆ ಬೇರೆಯದೇ ಅರ್ಥ್ ಗುಂಡಿ ತೆಗೆದು ಕಟ್ಟಡದ ಅರ್ಥ್‌ಗೆ ಜೋಡಿಸದೆ ಬಿಡುವವರಿದ್ದಾರೆ. ಅದು ಅಪಾಯಕಾರಿ, ಏಕೆಂದರೆ ಸಿಡಿಲಿನ ಹೊತ್ತಿನಲ್ಲಿ ಎರಡು ಅರ್ಥ್‌ಗಳ ನಡುವೆ ಏರ್ಪಡುವ ವೋಲ್ಟೇಜ್ ವ್ಯತ್ಯಾಸ ಬೋರ್ಡಿನ ಮೂಲಕವೇ ದಾರಿ ಮಾಡಿಕೊಳ್ಳುತ್ತದೆ. ಎರಡನ್ನೂ ಸೇರಿಸಿಯೇ ಕಟ್ಟಬೇಕು. ಪ್ಯಾನೆಲ್‌ನಲ್ಲಿ ಸರ್ಜ್ ಪ್ರೊಟೆಕ್ಷನ್ ಸಾಧನ ಹಾಕಿಸಿ, ಕಂಪ್ಯೂಟರಿನಿಂದ ಯಂತ್ರಕ್ಕೆ ಹೋಗುವ ಡೇಟಾ ಕೇಬಲ್ಲನ್ನು ವಿದ್ಯುತ್ ತಂತಿಗಳಿಂದ ದೂರವಿಡಿ. ಈ ಕೆಲಸಕ್ಕೆ ಬೆಂಗಳೂರಿನವರು ಬೇಕಾಗಿಲ್ಲ, ಯಾವ ಒಳ್ಳೆಯ ಕೈಗಾರಿಕಾ ಎಲೆಕ್ಟ್ರಿಷಿಯನ್ ಆದರೂ ಮಾಡಬಲ್ಲರು.

ಸಮುದ್ರದ ಉಪ್ಪುಗಾಳಿಯ ಬಗ್ಗೆಯೂ ಒಂದು ಮಾತು. ಪಣಂಬೂರು, ಬೈಕಂಪಾಡಿಗಳಲ್ಲಿ ಕನೆಕ್ಟರ್‌ಗಳ ಮೇಲೆ ಹಸಿರು ಪಾಚಿಯಂತೆ ತುಕ್ಕು ಹಿಡಿಯುವುದನ್ನು ಪ್ರತಿದಿನ ನೋಡುತ್ತೇನೆ. ಕೋಣೆಯ ಬಾಗಿಲು ಮುಚ್ಚಿ, ಎಸಿಯ ಜೊತೆ ಡಿಹ್ಯುಮಿಡಿಫೈಯರ್ ಕೂಡ ನಡೆಸಿದರೆ ಎಲೆಕ್ಟ್ರಾನಿಕ್ಸ್‌ನ ಆಯುಷ್ಯ ಹೆಚ್ಚುತ್ತದೆ.

ಕುಂದಾಪುರ ಗ್ಲಾಸ್ ಪ್ರಿಂಟ್

ನಮ್ಮಲ್ಲಿಯೂ ಜೆನ್ 5, ಬೋರ್ಡ್ ಹೋಸನ್‌ನದು. ಜಂಟಿ ಭೇಟಿಗೆ ನಾವು ಸಿದ್ಧ. ಬೈಕಂಪಾಡಿಯವರೇ, ಪರೀಕ್ಷೆಗಾಗಿ ಕಾಯುವುದೇಕೆ? ಎರಡು ಬಣ್ಣದ ಹೆಡ್‌ಗಳ ಕೇಬಲ್ ಅದಲುಬದಲು ಮಾಡಿ ಮುದ್ರಿಸಿ ನೋಡಿದರೆ ದೋಷ ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ನಾವು ಹಾಗೆಯೇ ಮಾಡುತ್ತೇವೆ.

ಹೆಡ್ ತಂತ್ರಜ್ಞ, ಬೆಂಗಳೂರು

ಕುಂದಾಪುರದವರು ಹೇಳಿದ ಪರೀಕ್ಷೆ ಸರಿಯಾದದ್ದೇ, ಆದರೆ ಅದಕ್ಕೆ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಹೆಡ್ಡಿನ ಒಳಗೆ ಶಾರ್ಟ್ ಆಗಿದ್ದರೆ, ಅಥವಾ ಕನೆಕ್ಟರ್‌ಗೆ ಶಾಯಿ ಇಳಿದಿದ್ದರೆ, ಕೇಬಲ್ ಬದಲಿಸಿದ ಕೂಡಲೇ ಬೋರ್ಡಿನ ಎರಡನೆಯ, ಚೆನ್ನಾಗಿರುವ ಭಾಗವೂ ಸುಟ್ಟುಹೋಗಬಹುದು. ಹೀಗೆ ಒಂದು ದೋಷ ಎರಡಾದ ಯಂತ್ರಗಳು ನನ್ನ ಬಳಿಗೆ ಆಗಾಗ ಬರುತ್ತವೆ.

ಆದ್ದರಿಂದ ಕ್ರಮ ಹೀಗಿರಲಿ. ಮೇನ್ ಸ್ವಿಚ್ ಆರಿಸಿ, ಬೋರ್ಡಿನ ದೀಪಗಳೆಲ್ಲ ನಂದುವವರೆಗೆ ಕಾಯಿರಿ. ಮೈಯ ಸ್ಥಿರ ವಿದ್ಯುತ್ ಹರಿದುಹೋಗಲು ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಳ್ಳಿ. ಮಜೆಂಟಾ ಹೆಡ್ಡಿನ ಕೇಬಲ್ ಬಿಚ್ಚಿ, ಅದರ ತುದಿ ಮತ್ತು ಹೆಡ್ಡಿನ ಕನೆಕ್ಟರ್‌ಗಳನ್ನು ಬೆಳಕು ಹಿಡಿದು ನೋಡಿ. ಶಾಯಿಯ ಗುರುತಿದ್ದರೆ ಅಲ್ಲಿಗೇ ನಿಲ್ಲಿಸಿ ನನಗೆ ಚಿತ್ರ ಕಳುಹಿಸಿ. ಸ್ವಚ್ಛವಾಗಿದ್ದರೆ ಹೆಡ್ ಬೋರ್ಡಿನ ಫ್ಯೂಸ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸಿ. ಫ್ಯೂಸ್ ಹೋಗಿದ್ದರೆ ಅದು ಏಕೆ ಹೋಯಿತು ಎಂದು ತಿಳಿಯುವವರೆಗೆ ಹೊಸದನ್ನು ಹಾಕಬೇಡಿ. ತಂತಿ ಬೆಸೆದು ಓಡಿಸುವುದಂತೂ ಬೇಡವೇ ಬೇಡ. ಎಲ್ಲವೂ ಸರಿಯಿದ್ದರೆ ಮಾತ್ರ ಹೆಡ್ಡಿನ ತುದಿಯಲ್ಲಿ ಎರಡು ಕೇಬಲ್‌ಗಳನ್ನು ಅದಲುಬದಲು ಮಾಡಿ ನಾಝಲ್ ಪರೀಕ್ಷೆ ಮುದ್ರಿಸಿ. ಖಾಲಿ ಸಾಲು ಮಜೆಂಟಾದಲ್ಲಿಯೇ ಉಳಿದರೆ ದೋಷ ಹೆಡ್ಡಿನದು. ಇನ್ನೊಂದು ಹೆಡ್ಡಿಗೆ ಹೋದರೆ ಕೇಬಲ್‌ನದು ಅಥವಾ ಬೋರ್ಡಿನದು. ಹೊಸ ಕೇಬಲ್ ಹಾಕಿದಾಗ ಅದೂ ನಿಶ್ಚಯವಾಗುತ್ತದೆ.

ಇದರ ಜೊತೆಗೆ ಇಂದೇ ಮಾಡಬೇಕಾದ ಕೆಲಸ: ಕಂಟ್ರೋಲ್ ಸಾಫ್ಟ್‌ವೇರ್‌ನ ಎಲ್ಲ ಸೆಟ್ಟಿಂಗ್‌ಗಳ ನಕಲನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. ಹೆಡ್‌ಗಳ ಮೈಮೇಲಿನ ಚೀಟಿಯಲ್ಲಿರುವ ವೋಲ್ಟೇಜ್, ಚಿತ್ರವನ್ನು ಮುದ್ರಣಕ್ಕೆ ಸಿದ್ಧಪಡಿಸುವ ರಿಪ್ ಸಾಫ್ಟ್‌ವೇರ್‌ನ ಡಾಂಗಲ್ (ಅದನ್ನು ತೆರೆಯುವ ಯುಎಸ್‌ಬಿ ಕೀಲಿ), ಅವಧಿ ಮುಗಿದಾಗ ಕೇಳುವ ಪಾಸ್‌ವರ್ಡ್ ಇದ್ದರೆ ಅದನ್ನು ಕೊಡುವವರು ಯಾರು ಎಂಬ ವಿವರ, ಇವೆಲ್ಲ ಮಾಲೀಕರ ಬಳಿಯೇ ಇರಬೇಕು. ಹಿಂದಿನ ಮಾಲೀಕರನ್ನು ಈಗಲೇ ಕೇಳಿ ಪಡೆಯಿರಿ. ಈ ದಾಖಲೆಗಳಿರುವ ಯಂತ್ರವನ್ನು ಒಪ್ಪಿಕೊಳ್ಳಲು ತಂತ್ರಜ್ಞರು ಸಿಗುತ್ತಾರೆ. ಇಲ್ಲದ ಯಂತ್ರವನ್ನು ಒಳ್ಳೆಯವರೂ ಮುಟ್ಟಲು ಹಿಂಜರಿಯುತ್ತಾರೆ.

ಕಾಪು ಫಲಕ ಕೆಲಸ

ಬಳಸಿದ ಯಂತ್ರ ಕೊಳ್ಳಲು ಹೊರಟಿರುವವರು ಮೇಲಿನ ಕೊನೆಯ ಪ್ಯಾರಾವನ್ನು ವ್ಯಾಪಾರಕ್ಕೆ ಮೊದಲೇ ಓದಬೇಕು. ಡಾಂಗಲ್, ಪಾಸ್‌ವರ್ಡ್ ಮತ್ತು ಸೆಟ್ಟಿಂಗ್‌ಗಳು ಕೈಗೆ ಬಾರದೆ ಪೂರ್ತಿ ಹಣ ಕೊಡಬಾರದು. ಮುಂಬಯಿಯಿಂದಲೋ ದೆಹಲಿಯಿಂದಲೋ ಅಗ್ಗಕ್ಕೆ ಬರುವ ಯಂತ್ರಕ್ಕಿಂತ, ಬೆಂಗಳೂರಿನಲ್ಲಿ ಬಲ್ಲವರಿರುವ ಬೋರ್ಡಿನ ಯಂತ್ರ ಸ್ವಲ್ಪ ದುಬಾರಿಯಾದರೂ ನಮ್ಮ ಊರಿಗೆ ಒಳ್ಳೆಯದು.

ಬೈಕಂಪಾಡಿ ಮುದ್ರಣ

ತಿಳಿಸಿದ ಕ್ರಮದಲ್ಲಿಯೇ ಪರೀಕ್ಷೆ ಮಾಡಿದೆವು. ಯೆಯ್ಯಾಡಿಯವರು ಸ್ವತಃ ಬಂದು ಜೊತೆಯಲ್ಲಿ ನಿಂತರು, ಅವರಿಗೆ ಋಣಿಯಾಗಿದ್ದೇವೆ. ಕನೆಕ್ಟರ್‌ಗಳಲ್ಲಿ ಶಾಯಿ ಇರಲಿಲ್ಲ, ಫ್ಯೂಸ್‌ಗಳೂ ಸರಿಯಿದ್ದವು. ಕೇಬಲ್ ಅದಲುಬದಲು ಮಾಡಿದಾಗ ಮಜೆಂಟಾ ಪೂರ್ತಿಯಾಗಿ ಬಂತು, ಹಳದಿಯ ಒಂದು ಸಾಲು ಹೋಯಿತು. ಹೊಸ ಕೇಬಲ್ ತರಿಸಿ ಹಾಕಿದರೂ ಅದೇ ಫಲಿತಾಂಶ. ಹಾಗಾದರೆ ದೋಷ ಹೆಡ್ ಬೋರ್ಡಿನದೇ ಎಂದಾಯಿತು.

ಬಿಳಿ ಟ್ಯಾಂಕಿನ ಕಲಕುವ ಮೋಟರ್ ನಿಂತೇ ಹೋಗಿತ್ತು. ಮೋಟರ್ ಬದಲಿಸಿ, ಫಿಲ್ಟರ್ ಹೊಸದು ಹಾಕಿದ ಮೇಲೆ ಬಿಳಿ ಕೊನೆಯವರೆಗೂ ಒಂದೇ ರೀತಿ ಬರುತ್ತಿದೆ. ಎಡಬದಿಯ ದೀಪದ ಗಾಜಿನ ಮೇಲೆ ದಪ್ಪ ಪದರವಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ತೆಗೆದೆವು. ಈಗ ಉಗುರಿನಿಂದ ಗೀರಿದರೂ ಶಾಯಿ ಏಳುವುದಿಲ್ಲ. ನ್ಯೂಟ್ರಲ್–ಅರ್ಥ್ ವೋಲ್ಟೇಜ್ ಮಾತ್ರ ಹೆಚ್ಚಿದೆ, ವೈರಿಂಗ್ ಕೆಲಸ ನಡೆಯುತ್ತಿದೆ.

ಹೆಡ್ ತಂತ್ರಜ್ಞ, ಬೆಂಗಳೂರು

ಬಹಳ ಸಂತೋಷ. ಹೆಡ್ ಉಳಿದಿದೆ ಎಂಬುದೇ ದೊಡ್ಡ ಸಮಾಧಾನ. ಬೋರ್ಡ್ ರಿಪೇರಿಗೆ ನಾನು ಅಲ್ಲಿಗೆ ಬರಬೇಕಾಗಿಲ್ಲ. ಬಿಚ್ಚುವ ಮೊದಲು ಪ್ರತಿಯೊಂದು ಕೇಬಲ್‌ಗೆ ಗುರುತು ಹಾಕಿ ಚಿತ್ರ ತೆಗೆಯಿರಿ. ಬೋರ್ಡನ್ನು ಸ್ಥಿರ ವಿದ್ಯುತ್ ತಡೆಯುವ ಚೀಲದಲ್ಲಿಟ್ಟು, ಹಳೆಯ ಕೇಬಲ್ಲನ್ನೂ ಸೇರಿಸಿ ಕೊರಿಯರ್ ಮಾಡಿ. ನಿಮ್ಮ ಬೋರ್ಡ್ ಇಲ್ಲಿರುವಷ್ಟು ದಿನ ಹೆಡ್‌ಗಳು ಒಣಗಬಾರದು. ಅವುಗಳನ್ನು ಯುವಿ ಶಾಯಿಯ ಕ್ಲೀನಿಂಗ್ ದ್ರಾವಣದಿಂದಲೇ ತೊಳೆದು, ಅದೇ ದ್ರಾವಣದಲ್ಲಿ ತೇವ ಮಾಡಿದ, ನೂಲು ಬಿಡದ ಬಟ್ಟೆಯನ್ನು ನಾಝಲ್ ತಟ್ಟೆಗೆ ತಾಗುವಂತೆ ಇಟ್ಟು, ಬೆಳಕು ಬೀಳದ ಹಾಗೆ ಮುಚ್ಚಿಡಿ. ಕಿಟಕಿಯಿಂದ ಬರುವ ಹಗಲು ಬೆಳಕು ಕೂಡ ಯುವಿ ಶಾಯಿಯನ್ನು ಗಟ್ಟಿ ಮಾಡುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಒಣಗದ ಯುವಿ ಶಾಯಿ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟಿಸುತ್ತದೆ. ಅರ್ಥಿಂಗ್ ಕೆಲಸ ಮುಗಿದ ವರದಿ ಬಂದ ಮೇಲೆಯೇ ನಾನು ಬೋರ್ಡ್ ಹಿಂದಕ್ಕೆ ಕಳುಹಿಸುತ್ತೇನೆ.

ಮಣಿಪಾಲ ಸ್ಮರಣಿಕೆ

ಬೋರ್ಡ್ ಹಿಂದಿರುಗುವ ಹೊತ್ತಿಗೆ ಜಂಟಿ ಭೇಟಿಯನ್ನು ಇಟ್ಟುಕೊಳ್ಳೋಣ. ಬೈಕಂಪಾಡಿಯಲ್ಲಿ ಹೆಡ್‌ಗಳ ಅಲೈನ್‌ಮೆಂಟ್, ಕಾಪುವಿನಲ್ಲಿ ಕ್ಯಾರೇಜ್‌ನ ಸ್ಥಾನ ಅಳೆಯುವ ಎನ್‌ಕೋಡರ್ ಪಟ್ಟಿ ಬದಲಾವಣೆ, ನಮ್ಮಲ್ಲಿ ನೆಗೆಟಿವ್ ಪ್ರೆಶರ್ ಹೊಂದಾಣಿಕೆ, ಕುಂದಾಪುರದಲ್ಲಿ ಸಾಮಾನ್ಯ ತಪಾಸಣೆ, ಹೀಗೆ ಹೆದ್ದಾರಿ 66ರಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದರೆ ದಾರಿಯೂ ಉಳಿಯುತ್ತದೆ. ಇನ್ನೂ ಸೇರಬಯಸುವವರು ಹೆಡ್, ಬೋರ್ಡ್, ದೀಪ ಮತ್ತು ತೊಂದರೆಯ ವಿವರಗಳನ್ನು ನಾಝಲ್ ಪರೀಕ್ಷೆಯ ಚಿತ್ರದೊಂದಿಗೆ ಈ ವಾರದೊಳಗೆ ಬರೆಯಿರಿ. ಬಿಡಿಭಾಗಗಳನ್ನು ಒಟ್ಟಿಗೆ ತರಿಸಲು ತಂತ್ರಜ್ಞರಿಗೆ ಅಷ್ಟು ಸಮಯ ಬೇಕು.